ಬೀರು ಇಟ್ಟರೆ ವಾಲುವ ಮನೆ

ಪ್ರಶ್ನೆ: ಆಮ್‌ಸ್ಟರ್‌ಡ್ಯಾಮ್‌ನ ಐಬರ್ಗ್ ಬಡಾವಣೆಯಲ್ಲಿ ಮೂರಂತಸ್ತಿನ ಮನೆಗಳು ಕಾಂಕ್ರೀಟ್ ತಳದ ಮೇಲೆ ತೇಲುತ್ತವಂತೆ. ಮುಳುಗುವುದಿಲ್ಲವೇ? ಸಾಮಾನು ಒಂದೇ ಕಡೆ ಇಟ್ಟರೆ ವಾಲುತ್ತದೆಯೇ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ತಳದಲ್ಲಿರುವುದು ನೀರು ಸೋರದ ಕಾಂಕ್ರೀಟ್ ತೊಟ್ಟಿ. ಖಾಲಿ ಕೊಪ್ಪರಿಗೆ ಕೆರೆಯಲ್ಲಿ ತೇಲಿದಂತೆ ಅದು ತೇಲುತ್ತದೆ. 7 ಮೀಟರ್ ಅಗಲ, 10 ಮೀಟರ್ ಉದ್ದದ ತೊಟ್ಟಿ ಎಂದುಕೊಳ್ಳಿ. ಮನೆಯೂ ಸೇರಿ 105 ಟನ್ ತೂಗಿದರೆ 1.5 ಮೀಟರ್ ಮುಳುಗಿ ನಿಲ್ಲುತ್ತದೆ. ಆಮೇಲೆ ಒಂದು ಟನ್ ಸಾಮಾನು ತಂದರೂ ಇಳಿಯುವುದು 1.4 ಸೆಂ.ಮೀ. ಮಾತ್ರ. ಹಾಗಾಗಿ ಮುಳುಗುವ ಭಯ ಕಡಿಮೆ.

ವಾಲುವ ಭಯ ಮಾತ್ರ ನಿಜ. ಇದೇ ಮನೆಯ ಗುರುತ್ವಕೇಂದ್ರ, ಅಂದರೆ ಇಡೀ ಭಾರ ಒಂದೇ ಕಡೆ ಸೇರಿದೆ ಎಂದು ಎಣಿಸಬಹುದಾದ ಬಿಂದು, ತೊಟ್ಟಿಯ ತಳದಿಂದ 2.4 ಮೀಟರ್ ಎತ್ತರದಲ್ಲಿದೆ ಎನ್ನಿ. ಪುಸ್ತಕ ತುಂಬಿದ, ಒಟ್ಟು 500 ಕಿಲೋ ತೂಗುವ ಬೀರುಗಳನ್ನು ನಡುಗೆರೆಯಿಂದ 3 ಮೀಟರ್ ದೂರ, ಪಕ್ಕದ ಗೋಡೆಗೆ ಇಟ್ಟರೆ ಆ ಬದಿ ಇನ್ನೊಂದಕ್ಕಿಂತ ಸುಮಾರು 9 ಸೆಂ.ಮೀ. ತಗ್ಗುತ್ತದೆ. ಗುರುತ್ವಕೇಂದ್ರ 3 ಮೀಟರಿಗೆ ಏರಿದರೆ ಅದೇ ಬೀರುಗಳಿಗೆ 21 ಸೆಂ.ಮೀ.! ಭಾರವನ್ನೆಲ್ಲ ಕೆಳಗಿಟ್ಟು, ಮೇಲಂತಸ್ತುಗಳನ್ನು ಹಗುರ ಚೌಕಟ್ಟಿನಲ್ಲಿ ಕಟ್ಟುವುದು ಇದಕ್ಕೇ. ವಾಲಿದ ಮೇಲೆ ಸರಿಪಡಿಸಲು ಎದುರು ಬದಿಯಲ್ಲಿ, ಅಷ್ಟೇ ದೂರದಲ್ಲಿ, ಅಷ್ಟೇ ತೂಕವಿಡಬೇಕು. ಅದನ್ನೂ ತೊಟ್ಟಿಯ ತಳದಲ್ಲೇ ಇಡಿ. ಮಾಳಿಗೆಯ ಮೇಲಿಟ್ಟರೆ ಒಂದು ರೋಗಕ್ಕೆ ಇನ್ನೊಂದು ರೋಗ ಮದ್ದು ಮಾಡಿದಂತೆ.

ಪ್ರಶ್ನೆ: ಶೌಚದ ನೀರು ಎಲ್ಲಿಗೆ ಹೋಗುತ್ತದೆ?
– ಒಬ್ಬ ಓದುಗರು, ಹಾಸನ

ಉತ್ತರ: ದಡದ ಒಳಚರಂಡಿಗೇ. ಮನೆ ಚರಂಡಿಗಿಂತ ತಗ್ಗಿನಲ್ಲಿರುವುದರಿಂದ ತಾನಾಗಿ ಹರಿಯದು, ಪಂಪ್ ಬೇಕು. ಕೊಳವೆಯ ಕೊನೆಯ ತುಂಡು ಬಾಗುವಂಥದ್ದಾಗಿರಬೇಕು, ನೀರಿನ ಏರಿಳಿತದಷ್ಟು ಸಡಿಲವೂ ಇರಬೇಕು. ಬಿಗಿಯಾಗಿ ಕಟ್ಟಿದರೆ ಮೊದಲು ಬಿಡುವುದು ಜೋಡಣೆಯೇ.

ಪ್ರಶ್ನೆ: ಕೃಷ್ಣೆಯ ಪ್ರವಾಹಕ್ಕೆ ಇಂಥ ಮನೆ ಆದೀತೇ?
– ಒಬ್ಬ ಓದುಗರು, ಅಥಣಿ

ಉತ್ತರ: ನೀವು ಕೇಳುತ್ತಿರುವುದಕ್ಕೆ ಹತ್ತಿರದ ಮಾದರಿ ನೆದರ್‌ಲ್ಯಾಂಡ್ಸ್‌ನ ಮಾಸ್‌ಬೊಮ್ಮೆಲ್‌ನಲ್ಲಿದೆ. ಅಲ್ಲಿನ ಮನೆಗಳು ಸಾಮಾನ್ಯ ದಿನ ನೆಲದ ಮೇಲೆ ಕೂತಿರುತ್ತವೆ. ನೆರೆ ಬಂದಾಗ ಕಂಬ ಹಿಡಿದು 5.5 ಮೀಟರ್‌ವರೆಗೆ ಏರಬಲ್ಲವು. ಆದರೆ ಈ ಏರ್ಪಾಡು ಮೆಲ್ಲಗೆ ಏರುವ ನೀರಿಗೆ ಹೊಂದುತ್ತದೆ, ರಭಸಕ್ಕಲ್ಲ. 10 ಮೀಟರ್ ಬದಿ 1.5 ಮೀಟರ್ ಮುಳುಗಿದ್ದು, ಸೆಕೆಂಡಿಗೆ 2 ಮೀಟರ್ ಹರಿವು ಅದಕ್ಕೆ ನೇರ ಬಡಿದರೆ ಕಂಬಗಳ ಮೇಲೆ ಸುಮಾರು 3 ಟನ್ ತಳ್ಳು. ವೇಗ ಇಮ್ಮಡಿಯಾದರೆ ತಳ್ಳು ನಾಲ್ಕು ಪಟ್ಟು. ತೇಲಿಬರುವ ಮರದ ದಿಮ್ಮಿಗಳ ಏಟು ಬೇರೆ. ನೆರೆ ಇಳಿಯುವಾಗ ತೊಟ್ಟಿಯಡಿ ಒಂದು ದಿಮ್ಮಿ ಸಿಕ್ಕಿಕೊಂಡರೂ ಮನೆ ಓರೆಯಾಗಿಯೇ ಕೂರುತ್ತದೆ. ಹೊಳೆಯ ಪಾತ್ರದಲ್ಲಿ ಬೇಡ. ಹಿನ್ನೀರು ಸುಮ್ಮನೆ ಬಂದು ನಿಲ್ಲುವ ಜಾಗವಾದರೆ ಎಂಜಿನಿಯರ್ ಹತ್ತಿರ ಹರಿವಿನ ವೇಗ ಅಳೆಸಿ, ಆಮೇಲೆ ಯೋಚಿಸಿ.