ಮೂರನೇ ಬೆಂಚಿನ ಚೀಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಳಂದ ತಾಲ್ಲೂಕಿನ ಪ್ರೌಢಶಾಲೆಯೊಂದರ ಸಮಾಜವಿಜ್ಞಾನ ಶಿಕ್ಷಕರು 2025ರ ಜೂನ್‌ನಲ್ಲಿ ಕಲಬುರಗಿಗೆ ಬಂದು ಸಲಹೆಗಾಗಿ ನನ್ನನ್ನು ಕಂಡರು. ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್ ಬಳಿಯ ಬೈಸರನ್‌ನಲ್ಲಿ ಉಗ್ರರು 26 ಮಂದಿಯನ್ನು ಕೊಂದದ್ದು ಬೇಸಿಗೆ ರಜೆಯಲ್ಲಿ. ಮಕ್ಕಳು ಅದನ್ನು ಮನೆಯವರ ಮೊಬೈಲಿನಲ್ಲಿ, ಯಾರೂ ಪಕ್ಕದಲ್ಲಿ ಕೂತು ವಿವರಿಸದೆ, ನೋಡಿದ್ದರು. ಶಾಲೆ ತೆರೆದ ವಾರವೇ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದುನಿಂತು, "ಸರ್, ಧರ್ಮ ಕೇಳಿ ಹೊಡದಾರಂತಲ್ರಿ, ಹಂಗಾದ್ರ ನಮ್ಮ ಕ್ಲಾಸಿನವರನ್ನ ಹ್ಯಾಂಗ ನಂಬಬೇಕ್ರಿ?" ಎಂದು ಕೇಳಿದ. "ಇದು ಪಾಠದಾಗ ಇಲ್ಲ, ಕೂಡು" ಎಂದು ಶಿಕ್ಷಕರು ಮುಗಿಸಿದರು. ಮರುದಿನ ಮೂರನೇ ಬೆಂಚಿನಲ್ಲಿ ಮುಸ್ಲಿಂ ಹುಡುಗನೊಬ್ಬ ಒಂಟಿಯಾಗಿದ್ದ. ಪಕ್ಕದ ಜಾಗ ಖಾಲಿ ಕಾಣಬಾರದೆಂದು ತನ್ನ ಚೀಲವನ್ನೇ ಅಲ್ಲಿಟ್ಟುಕೊಂಡಿದ್ದ.

"ಮಾತಾಡಿದ್ರ ಒಂದು, ಬಿಟ್ರ ಒಂದು ಆಗ್ತದ್ರಿ ಮೇಡಂ" ಎಂಬುದು ಶಿಕ್ಷಕರ ಅಳಲು. ಅವರ ಅಂಜಿಕೆ ಸಹಜವೇ, ಆದರೆ ಅವರ ಮೌನವನ್ನು ಮಕ್ಕಳು ಒಪ್ಪಿಗೆ ಎಂದು ತಿಳಿದಿದ್ದರು. ಹಾಗಾಗಿ, "ಅಂದು ನಾನು ಉತ್ತರ ಕೊಡದೆ ತಪ್ಪಿಸಿಕೊಂಡೆ" ಎಂದು ಹೇಳಿಯೇ ಆ ಪ್ರಶ್ನೆಗೆ ಮರಳಬೇಕೆಂದೆ. ಮಕ್ಕಳು ಕಂಡದ್ದು, ಕೇಳಿದ್ದನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆಸಿ, ಖಚಿತವಾದದ್ದನ್ನೂ ಬರೀ ಫಾರ್ವರ್ಡ್ ಆಗಿ ಬಂದದ್ದನ್ನೂ ಬೋರ್ಡಿನ ಮೇಲೆ ಬೇರ್ಪಡಿಸಲಿ. ವಿಡಿಯೊ ಮಾತ್ರ ಬೇಡವೇ ಬೇಡ. ಧರ್ಮ ಕೇಳಿ ಕೊಂದರೆಂದು ಬದುಕುಳಿದವರು ಹೇಳಿದ್ದನ್ನು ಮುಚ್ಚಿಟ್ಟರೆ ಮಕ್ಕಳು ಮತ್ತೆ ಮೊಬೈಲನ್ನೇ ನಂಬುತ್ತಾರೆ. ಸತ್ತವರಲ್ಲಿ ಕುದುರೆ ಸವಾರಿ ಮಾಡಿಸುತ್ತಿದ್ದ ಸ್ಥಳೀಯ ಮುಸ್ಲಿಮನೊಬ್ಬನೂ ಇದ್ದನೆಂಬುದನ್ನೂ ಹೇಳಬೇಕು, ಆದರೆ ಅವನ ಸಾವನ್ನು ಈ ಹುಡುಗನ ನಡತೆ ಪ್ರಮಾಣಪತ್ರದಂತೆ ಹಿಡಿಯಬಾರದು. ಹುಡುಗನನ್ನು ನಿಲ್ಲಿಸಿ ಖಂಡನೆ ಹೇಳಿಸುವುದಂತೂ ಕೂಡದು. ಕೃತ್ಯದ ಹೊಣೆ ಮಾಡಿದವರದು, ಒಂಬತ್ತನೇ ತರಗತಿಯವನದಲ್ಲ.

ಚೀಟಿ ಬರೆಸಿದ ಮೇಲೆ ಶಿಕ್ಷಕರು ತಿಳಿಸಿದರು: ಒಂದರಲ್ಲಿ, "ನಮ್ಮ ಅಪ್ಪ ಮುಂಬೈದಾಗ ದುಡೀತಾನ, ಅಲ್ಲಿ ಏನರ ಆದ್ರ?" ಎಂದಿತ್ತಂತೆ. ದ್ವೇಷವೆಂದು ಶಿಕ್ಷಕರು ಹೆದರಿದ್ದರ ಬಹುಪಾಲು ಇಂಥ ಭಯವೇ. ಏನೂ ಆಗುವುದಿಲ್ಲವೆಂದು ಆಣೆ ಮಾಡುವ ಬದಲು, ಅಂಥ ಭಯವಿರುವವರು ಸಂಜೆ ಮನೆಯವರೊಂದಿಗೆ ಫೋನಿನಲ್ಲಿ ಮಾತಾಡಲಿ ಎಂದು ಇಡೀ ತರಗತಿಗೆ ಹೇಳುವುದು ಮೇಲೆಂದೆ. ತಿಂಗಳು ಕಳೆದರೂ ನಿದ್ದೆಗೇಡು, ಹೊಟ್ಟೆನೋವು, ಶಾಲೆಗೆ ಬರುವುದಿಲ್ಲವೆಂಬ ಹಟ ಉಳಿದ ಮಕ್ಕಳಿದ್ದರೆ ಪಾಲಕರಿಗೆ ತಿಳಿಸಿ, ಮಾನಸಿಕ ಆರೋಗ್ಯದ ಉಚಿತ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಲು ಸೂಚಿಸಿದೆ.

ಮೂರು ವಾರದ ನಂತರ ಶಿಕ್ಷಕರು ಫೋನ್ ಮಾಡಿದರು. ಚೀಲ ಬೆಂಚಿನ ಕೆಳಗಿಳಿದಿದೆ. ಪಕ್ಕದಲ್ಲಿ ಕೂತವನು ಮಾತ್ರ ಹೊಸಬ. ಪ್ರಶ್ನೆ ಕೇಳಿದವನ ತಂದೆಯನ್ನು ಕರೆಸಲೇ ಎಂದರು. ಬೇಡವೆಂದೆ, ಕೇಳಿದ್ದು ಅವನ ತಪ್ಪಲ್ಲ.