ಪ್ರತಿಕ್ರಿಯೆ: ಜೈಲಿನಲ್ಲಿರುವ ತಮ್ಮನಿಗೆ ವ್ಯಾಲಿ ಫೀವರ್ ಭಯ

ಅಕ್ಕಾ, ಕ್ಯಾಲಿಫೋರ್ನಿಯಾದ ಅವೆನಾಲ್ ಜೈಲಿನಲ್ಲಿರುವ ತಮ್ಮನಿಗೆ ಪಕ್ಕದ ಕೈದಿಯಿಂದ ವ್ಯಾಲಿ ಫೀವರ್ ಅಂಟುತ್ತದಾ, ಮಾಸ್ಕ್ ಸಾಕಾ ಎಂದು ಕೇಳಿದ್ದೀರಿ.

ಪಕ್ಕದವರಿಂದ ಅಂಟುವುದಿಲ್ಲ, ಆ ಭಯ ಬಿಡಿ. ಇದು ಅಲ್ಲಿನ ಒಣ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವ ಕಾಯಿಲೆ. ಆ ಶಿಲೀಂಧ್ರ ಧೂಳಿನ ಜೊತೆ ಉಸಿರಿನಲ್ಲಿ ಶ್ವಾಸಕೋಶಕ್ಕೆ ಹೋಗುತ್ತದೆ. ಗಾಳಿ ಎದ್ದ ದಿನ ಅಂಗಳಕ್ಕೆ ಹೋಗದೆ ಒಳಗೇ ಇರಲಿ. ಮಣ್ಣು ಅಗೆಯುವ ಕೆಲಸ ಬೇಡವೇ ಬೇಡ. ಮಾಸ್ಕ್ ಆದರೆ ಎನ್95 ಕೇಳಲಿ, ಬಟ್ಟೆಯದ್ದು ಸಾಲದು. ನೆಲವನ್ನು ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಲಿ.

ಅವರಿಗೆ ಸಕ್ಕರೆ ಕಾಯಿಲೆ ಇದೆ ಅಂದಿರಲ್ವಾ, ಅದೇ ಮುಖ್ಯ. 2013ರಲ್ಲಿ ಫೆಡರಲ್ ನ್ಯಾಯಾಧೀಶ ಥೆಲ್ಟನ್ ಹೆಂಡರ್ಸನ್, ಅವೆನಾಲ್ ಮತ್ತು ಪ್ಲೆಸೆಂಟ್ ವ್ಯಾಲಿ ಜೈಲುಗಳಿಂದ ಅಪಾಯ ಜಾಸ್ತಿ ಇರುವವರನ್ನು ಬೇರೆಡೆಗೆ ಕಳಿಸಲು ಆದೇಶಿಸಿದ್ದರು. ಅದರಲ್ಲಿ ಮಧುಮೇಹಿಗಳೂ ಇದ್ದರು. ಹಾಗಾಗಿ ವರ್ಗಾವಣೆ ಬೇಕೆಂದು ಜೈಲಿನ ವೈದ್ಯರಿಗೆ ಬರವಣಿಗೆಯಲ್ಲೇ ಕೊಡಲಿ, ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ. 2015ರಲ್ಲಿ ಕ್ಯಾಲಿಫೋರ್ನಿಯಾ ಜೈಲುಗಳ ಕೈದಿಗಳಿಗೆ, ಈ ಸೋಂಕು ಮೊದಲೇ ತಗುಲಿತ್ತಾ ಎಂದು ತಿಳಿಯಲು ಚರ್ಮದ ಪರೀಕ್ಷೆಯನ್ನೂ ಮಾಡಿದ್ದರು. ಮೊದಲೇ ಸೋಂಕು ತಗುಲಿ ವಾಸಿಯಾದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ತಮ್ಮನಿಗೆ ಆ ಪರೀಕ್ಷೆ ಆಗಿದೆಯಾ, ವಿಚಾರಿಸಿ.

ಲಸಿಕೆ ಇಲ್ಲ. ಕೆಮ್ಮು, ಜ್ವರ, ಸುಸ್ತು ಒಂದು ವಾರ ದಾಟಿದರೆ ಸುಮ್ನೆ ಕಾಯಬೇಡಿ. ನ್ಯುಮೋನಿಯಾ ಅಂತ ಆಂಟಿಬಯೋಟಿಕ್ ಕೊಟ್ಟು ಕಳಿಸುವುದು ಬಹಳ. ಅದು ಶಿಲೀಂಧ್ರಕ್ಕೆ ನಾಟುವುದಿಲ್ಲ. "ವ್ಯಾಲಿ ಫೀವರ್‌ಗೆ ರಕ್ತ ಪರೀಕ್ಷೆ ಮಾಡಿ" ಎಂದು ಹೆಸರು ಹೇಳಿಯೇ ಕೇಳಲಿ.