ಮೊಗೆಕಾಯಿಯ ತಪ್ಪೇನೂ ಇಲ್ಲ

ಪ್ರಶ್ನೆ: ಮೊಮ್ಮಗಳಿಗೆ ಎಂಟು ತಿಂಗಳು. ಹುಟ್ಟಿದಾಗಿನಿಂದ ಬಲ ಪಕ್ಕೆಯಿಂದ ಹೊಟ್ಟೆಯವರೆಗೆ ಕಂದು ಗೆರೆಗಳಿವೆ, ಈಗೀಗ ಮುಟ್ಟಿದರೆ ತರಿತರಿ. ಮಗಳು ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಮೊಗೆಕಾಯಿ ಹೆಚ್ಚಿದ್ದಕ್ಕೇ ಹೀಗಾಯಿತೆಂದು ಬೀಗಿತ್ತಿ ಆಡಿಕೊಳ್ಳುತ್ತಾರೆ. ಮುಂದಿನ ಮಗುವಿಗೂ ಬರುತ್ತದೆಯೇ ಡಾಕ್ಟರೇ?
– ಒಬ್ಬ ಅಜ್ಜಿ, ಕುಮಟಾ

ಉತ್ತರ: ಮೊಗೆಕಾಯಿಯನ್ನು ಮೊದಲು ಬಿಡುಗಡೆ ಮಾಡೋಣ ಅಮ್ಮಾ. ನಿಮ್ಮ ಮಗಳನ್ನೂ.

ನೀವು ಕಳಿಸಿದ ಫೋಟೊದಲ್ಲಿ ಗೆರೆ ಪಕ್ಕೆಯ ಮೇಲೆ ಬಳುಕಿ ಬಂದು, ಹೊಕ್ಕುಳ ಹತ್ತಿರ ಗಕ್ಕನೆ ನಿಂತಿದೆ, ಎಡಕ್ಕೆ ದಾಟಿಲ್ಲ. ನನ್ನ ಕಣ್ಣು ಹೋದದ್ದು ಅಲ್ಲಿಗೇ. ಶಿರಸಿಯ ನಮ್ಮ ಹಿತ್ತಿಲಲ್ಲಿ ಒಂದು ಸಂಜೆಮಲ್ಲಿಗೆ ಗಿಡವಿದೆ. ಒಂದು ಹೂವು ಪೂರ್ತಿ ಹಳದಿ, ಪಕ್ಕದ್ದು ಅರ್ಧ ಕೆಂಪು, ಇನ್ನೊಂದಕ್ಕೆ ಕುಂಕುಮ ಚಿಮುಕಿಸಿದಂತೆ ಚುಕ್ಕಿ. ಹೂವು ಬೆಳೆಯುವಾಗ ಒಂದು ಕೋಶದ ಬಣ್ಣದ ಜೀನ್ ಬದಲಾದರೆ, ಅದರಿಂದ ಒಡೆದ ಕೋಶಗಳೆಲ್ಲ ಅದೇ ಬಣ್ಣ. ಮಗುವಿನಲ್ಲಿ ಆಗಿರುವುದೂ ಹೆಚ್ಚುಕಡಿಮೆ ಇದೇ. ಬಸಿರಿನಲ್ಲಿ ಒಂದು ಕೋಶದ ಜೀನಿನಲ್ಲಿ ಅಕ್ಷರ ತಪ್ಪಿತು. ಆ ಕೋಶದ ಸಂತಾನ ನಡೆದ ದಾರಿಯೇ ಈ ಗೆರೆ. ಇದಕ್ಕೆ ಮೊಸಾಯಿಕ್ ಸ್ಥಿತಿ ಎನ್ನುತ್ತೇವೆ.

1901ರಲ್ಲಿ ಬರ್ಲಿನ್ನಿನ ಚರ್ಮವೈದ್ಯ ಆಲ್ಫ್ರೆಡ್ ಬ್ಲಾಷ್ಕೊ ನೂರಕ್ಕೂ ಹೆಚ್ಚು ರೋಗಿಗಳ ಗೆರೆಗಳನ್ನು ಗೊಂಬೆಗಳ ಮೇಲೆ ಬರೆದುಕೊಂಡು ನಕ್ಷೆ ಮಾಡಿದ. ಅವು ನರದ ದಾರಿಯಲ್ಲ, ರಕ್ತನಾಳದ್ದೂ ಅಲ್ಲ. ಇದು ಗೊತ್ತಿದ್ದೂ, ಕಲಿತು ಬಂದ ಹೊಸದರಲ್ಲಿ ನಾನು ಇಂಥದ್ದೇ ಗೆರೆಯನ್ನು ಹುಳುಕಡ್ಡಿ ಎಂದು ತಿಳಿದು, ಯಲ್ಲಾಪುರದ ಒಬ್ಬ ತಾಯಿಯನ್ನು ಮುಲಾಮಿಗಾಗಿ ಮೂರು ಸಲ ಘಟ್ಟದ ಬಸ್ ಹತ್ತಿಸಿದ್ದೇನೆ.

ಹುಟ್ಟುಮಚ್ಚೆಗಳನ್ನು ಈಗ ಬಣ್ಣದಿಂದ ಮಾತ್ರವಲ್ಲ, ಹರಡಿದ ರೀತಿಯಿಂದಲೂ ವಿಂಗಡಿಸುತ್ತಾರೆ: ಗೆರೆ, ಚದುರಂಗದ ಮನೆ, ಎಲೆಯ ಆಕಾರ, ಹೀಗೆ. ಮುಖದ ದ್ರಾಕ್ಷಾರಸದಂಥ ಕೆಂಪು ಮಚ್ಚೆಗೂ ಇಂಥದ್ದೇ ಜೀನ್ ಬದಲಾವಣೆ ಕಾರಣವೆಂದು 2013ರಲ್ಲಿ ಗೊತ್ತಾಯಿತು.

ತಪ್ಪಾದದ್ದು ಮಗುವಿನಲ್ಲಿ, ತಂದೆತಾಯಿಯರಲ್ಲಿ ಅಲ್ಲ. ಹಾಗಾಗಿ ಮುಂದಿನ ಮಗುವಿಗೆ ವಿಶೇಷ ಭಯವಿಲ್ಲ. ಯೋಚಿಸಬೇಕಾದದ್ದು ಮೊಮ್ಮಗಳು ತಾನೇ ತಾಯಿಯಾಗುವ ಕಾಲಕ್ಕೆ. ಬದಲಾವಣೆ ಅಂಡಾಣುಗಳಲ್ಲೂ ಇದ್ದರೆ, ಕೆಲವು ಬಗೆಯ ತರಿಮಚ್ಚೆಗಳಲ್ಲಿ ಅವಳ ಮಗುವಿಗೆ ಮೈತುಂಬ ಬರಬಹುದು. ರಕ್ತಪರೀಕ್ಷೆಯಲ್ಲಿ ಅದು ಸಿಗದೇ ಇರಬಹುದು. ಗೆರೆಯ ಚರ್ಮದ್ದೇ ಚೂರು ಬೇಕು.

ಫೋಟೊ ನೋಡಿ ಇಷ್ಟು ಹೇಳಬಲ್ಲೆ. ಚರ್ಮವೈದ್ಯರು ಒಮ್ಮೆ ಮುಟ್ಟಿ ನೋಡಲಿ. ಕೂರುವುದು, ಅಂಬೆಗಾಲು ತಡವಾದರೆ, ಫಿಟ್ಸ್ ಬಂದರೆ, ಕಣ್ಣಿನಲ್ಲಿ ಏನಾದರೂ ಕಂಡರೆ ಮಕ್ಕಳ ವೈದ್ಯರಿಗೂ ತೋರಿಸಿ. ಅಲ್ಲಿಯವರೆಗೆ ಗೆರೆಗೆ ಲಿಂಬೆರಸ, ಸುಣ್ಣ ಹಚ್ಚಬೇಡಿ. ಕೊಬ್ಬರಿ ಎಣ್ಣೆ ಸಾಕು.